ಕೇಡಗಾಂವದ ತಾಯಿ ಪಂಡಿತಾ ರಮಾಬಾಯಿ

ಪುಣೆಯಿಂದ ದೌಂಡ್ ಮಾರ್ಗವಾಗಿ ಸೊಲ್ಲಾಪುರ, ಕಲಬುರಗಿ, ರಾಯಚೂರುಗಳ ಕಡೆಗೆ ಹೋಗುವ ರೈಲುದಾರಿಯಲ್ಲಿ ಕೇಡಗಾಂವ್ ಎಂಬ ಸಣ್ಣ ನಿಲ್ದಾಣವೊಂದುಂಟು. ರಜೆಯಲ್ಲಿ ಊರಿಗೆ ಹೊರಟ ನಮ್ಮವರಲ್ಲಿ ಎಷ್ಟೋ ಮಂದಿ ಅದನ್ನು ಹಾದುಹೋಗಿದ್ದಾರೆ. ವೇಗದ ಗಾಡಿಯಲ್ಲಿ ಕುಳಿತವರಿಗೆ ಹೆಸರಿನ ಹಲಗೆಯನ್ನು ಓದುವಷ್ಟರಲ್ಲಿ ಊರು ಹಿಂದೆ ಸರಿದಿರುತ್ತದೆ. ಆ ಊರಿನ ಹೊಲವೊಂದರಲ್ಲಿ, ಇಂದಿಗೆ ನೂರಿಪ್ಪತ್ತು ವರ್ಷಗಳಿಗೂ ಹಿಂದೆ, ಬರಗಾಲದಲ್ಲಿ ತಂದೆತಾಯಿಗಳನ್ನು ಕಳೆದುಕೊಂಡ ನೂರಾರು ಹೆಣ್ಣುಮಕ್ಕಳಿಗೆ ಅನ್ನ, ವಸ್ತ್ರ, ವಿದ್ಯೆಗಳನ್ನು ಕೊಟ್ಟು ಸಾಕಿದ ಮಹಿಳೆಯೊಬ್ಬರಿದ್ದರು. ಅವರು ಹುಟ್ಟಿದ್ದು ನಮ್ಮ ಕನ್ನಡನಾಡಿನ ಘಟ್ಟದ ಕಾಡಿನಲ್ಲಿ. ಅವರೇ ಪಂಡಿತಾ ರಮಾಬಾಯಿ.

ಸಂಸ್ಕೃತ ಪಂಡಿತೆಯೊಬ್ಬಳು ಕ್ರೈಸ್ತಳಾದಳು ಎಂಬ ಒಂದೇ ಮಾತಿನಲ್ಲಿ ಇವರ ಚರಿತ್ರೆಯನ್ನು ಮುಗಿಸಿಬಿಡುವುದು ಬಹುಕಾಲದಿಂದ ನಡೆದುಬಂದ ರೂಢಿ. ಕೆಲವರು ಅದನ್ನು ನಿಂದೆಯಾಗಿ ಹೇಳಿದರು, ಕೆಲವರು ವಿಜಯವೆಂದು ಸಾರಿದರು. ನಾವು ಈ ಲೇಖನದಲ್ಲಿ ಮತಗಳನ್ನು ತಕ್ಕಡಿಗೆ ಹಾಕಿ ತೂಗಲು ಹೊರಟವರಲ್ಲ. ಒಬ್ಬ ಮನುಷ್ಯನ ನಂಬಿಕೆ ನಿಜವಾದದ್ದೋ ಬರಿಯ ಬಾಯಿಮಾತಿನದೋ ಎಂಬುದನ್ನು ಯಾವ ಗುರುತಿನಿಂದ ತಿಳಿಯಬೇಕು ಎಂಬುದಷ್ಟೇ ನಮ್ಮ ಪ್ರಶ್ನೆ. ಕ್ರಿಸ್ತನು ತನ್ನ ಶಿಷ್ಯರಿಗೆ ಇಟ್ಟುಹೋದ ಗುರುತು ಒಬ್ಬರನ್ನೊಬ್ಬರು ಪ್ರೀತಿಸುವುದು. ಕಣ್ಣಿಗೆ ಕಾಣುವ ನೆರೆಯವನನ್ನು ಪ್ರೀತಿಸದವನು ಕಾಣದ ದೇವರನ್ನು ಪ್ರೀತಿಸಲಾರನೆಂದು ಅವರ ಧರ್ಮಗ್ರಂಥವು ಹೇಳುತ್ತದೆ. ರಮಾಬಾಯಿಯವರು ಈ ಗುರುತನ್ನು ಮೊದಲು ಇತರರಲ್ಲಿ ಕಂಡರು. ಆಮೇಲೆ ತಮ್ಮ ಬಾಳನ್ನೇ ಅದಕ್ಕೆ ಒಡ್ಡಿದರು.

ಅವರ ತಂದೆ ಅನಂತಶಾಸ್ತ್ರಿ ಡೋಂಗ್ರೆಯವರು ಕಾರ್ಕಳದ ಸಮೀಪದ ಮಾಳ ಗ್ರಾಮದವರು, ಚಿತ್ಪಾವನ ಬ್ರಾಹ್ಮಣರು. ಪುಣೆಯಲ್ಲಿ ವಿದ್ಯಾಭ್ಯಾಸ ಮಾಡುತ್ತಿದ್ದಾಗ, ತಮ್ಮ ಗುರುಗಳು ಪೇಶ್ವೆಯವರ ಅರಮನೆಯಲ್ಲಿ ರಾಣಿಗೆ ಸಂಸ್ಕೃತ ಪಾಠ ಹೇಳುವುದನ್ನು ಕಂಡು, ಹೆಂಗಸರಿಗೂ ಈ ವಿದ್ಯೆ ಸಲ್ಲುತ್ತದೆಂಬ ನಿಶ್ಚಯಕ್ಕೆ ಬಂದರು. ಮೊದಲನೆಯ ಹೆಂಡತಿಗೆ ಕಲಿಸುವ ಅವರ ಪ್ರಯತ್ನವು ಫಲಿಸಲಿಲ್ಲ. ಆಕೆ ತೀರಿಹೋದ ಮೇಲೆ, ಯಾತ್ರೆಯಲ್ಲಿದ್ದಾಗ ಗೋದಾವರಿ ತೀರದಲ್ಲಿ ಲಕ್ಷ್ಮೀಬಾಯಿಯೆಂಬ ಒಂಬತ್ತು ವರ್ಷದ ಬಾಲಿಕೆಯನ್ನು ವಿವಾಹವಾದರು. ಆಗ ಶಾಸ್ತ್ರಿಗಳಿಗೆ ನಲವತ್ತು ದಾಟಿತ್ತು. ಹೆಣ್ಣಿನ ವಿದ್ಯೆಗಾಗಿ ಹೋರಾಡಿದವರೂ ಬಾಲ್ಯವಿವಾಹದ ಕಟ್ಟಿನಿಂದ ಹೊರಬಂದಿರಲಿಲ್ಲ ಎಂಬುದರಿಂದ ಆ ಕಾಲದ ಸ್ಥಿತಿಯನ್ನು ವಾಚಕರು ಊಹಿಸಬಹುದು. ಈ ಹುಡುಗಿಗೆ ಶಾಸ್ತ್ರಿಗಳು ಸಂಸ್ಕೃತವನ್ನು ಕಲಿಸಿಯೇ ತೀರಿದರು. ಸ್ತ್ರೀಗೆ ದೇವಭಾಷೆಯನ್ನು ಕಲಿಸಿದ ಅಪರಾಧಕ್ಕಾಗಿ ಉಡುಪಿಯಲ್ಲಿ ಪಂಡಿತರ ಸಭೆಯ ಮುಂದೆ ಉತ್ತರ ಹೇಳಬೇಕಾಗಿ ಬಂದಾಗ, ಶಾಸ್ತ್ರವಚನಗಳನ್ನೇ ಆಧಾರವಾಗಿ ಮುಂದಿಟ್ಟು ತಮ್ಮ ಪಕ್ಷವನ್ನು ಸಮರ್ಥಿಸಿಕೊಂಡರು.

ಊರಿನ ಗೊಡವೆ ಬೇಡವೆಂದು ಶಾಸ್ತ್ರಿಗಳು ತುಂಗಾ, ಭದ್ರಾ, ನೇತ್ರಾವತಿ ನದಿಗಳು ಹುಟ್ಟುವ ಗಂಗಾಮೂಲದ ಅರಣ್ಯದಲ್ಲಿ ಮನೆ ಕಟ್ಟಿ ನೆಲಸಿದರು. 1858ರ ಏಪ್ರಿಲ್ 23ರಂದು ರಮಾಬಾಯಿ ಅಲ್ಲಿ ಜನಿಸಿದರು. ಆ ಕಾಡಿನ ಮನೆಗೆ ಶಿಷ್ಯರು ಬರುತ್ತಿದ್ದರು, ಯಾತ್ರಿಕರು ಬರುತ್ತಿದ್ದರು, ಬಂದವರಿಗೆಲ್ಲ ಊಟ. ಹಣ ತೆಗೆದುಕೊಳ್ಳದೆ ಬಂದವರಿಗೆಲ್ಲ ಎಲೆ ಹಾಕುವ ಮನೆ ಎಷ್ಟು ದಿನ ನಡೆದೀತೆಂಬುದನ್ನು ನಮ್ಮ ವೃತ್ತಿಯವರಿಗೆ ವಿವರಿಸಬೇಕಾಗಿಲ್ಲ. ಸಾಲ ಬೆಳೆಯಿತು, ಭೂಮಿ ಹೋಯಿತು. ಮಗುವಿಗೆ ಆರು ತಿಂಗಳಾಗಿದ್ದಾಗ ಅದನ್ನು ಬೆತ್ತದ ಪೆಟ್ಟಿಗೆಯಲ್ಲಿಟ್ಟುಕೊಂಡು ಕುಟುಂಬವು ಘಟ್ಟವನ್ನಿಳಿದು ತೀರ್ಥಯಾತ್ರೆಗೆ ಹೊರಟಿತು.

ಹಾಗೆ ಹೊರಟವರು ಮತ್ತೆ ಒಂದು ಕಡೆ ನೆಲೆಯಾಗಿ ನಿಲ್ಲಲಿಲ್ಲ. ದೇವಾಲಯಗಳಲ್ಲಿ, ನದೀತೀರಗಳಲ್ಲಿ ಪುರಾಣ ಓದುವುದು. ಕೇಳಿದವರು ಕೊಟ್ಟ ಕಾಣಿಕೆಯಿಂದ ಜೀವನ ಸಾಗಿಸುವುದು. ಉಳಿದದ್ದನ್ನು ದಾನಧರ್ಮಗಳಿಗೆ ಕೊಡುವುದು. ಈ ಅಲೆದಾಟದ ನಡುವೆ ತಾಯಿ ಲಕ್ಷ್ಮೀಬಾಯಿಯವರು ಹಕ್ಕಿಗಳು ಏಳುವುದಕ್ಕೂ ಮುಂಚೆ ಮಗಳನ್ನು ಎಬ್ಬಿಸಿ ಪಾಠ ಹೇಳುತ್ತಿದ್ದರು. ಹಗಲೆಲ್ಲ ಮನೆಗೆಲಸದಲ್ಲಿ ಕಳೆಯುವ ಹೆಂಗಸಿಗೆ ದೊರೆಯುತ್ತಿದ್ದ ಬಿಡುವಿನ ಹೊತ್ತು ಅದೊಂದೇ. ಭಾಗವತದ ಸಾವಿರಾರು ಶ್ಲೋಕಗಳು ರಮಾಬಾಯಿಯವರಿಗೆ ಬಾಲ್ಯದಲ್ಲೇ ಕಂಠಸ್ಥವಾದವು. ಊರೂರು ತಿರುಗಿದ ಫಲವಾಗಿ ಮರಾಠಿಯಲ್ಲದೆ ಕನ್ನಡ, ಹಿಂದೂಸ್ತಾನಿ, ಬಂಗಾಳಿ ಭಾಷೆಗಳೂ ಬಂದವು.

ಅವರಿಗೆ ಹದಿನಾರು ವರ್ಷವಾಗಿದ್ದಾಗ ಬರಗಾಲ ಬಂದಿತು. ಪುರಾಣ ಕೇಳುವವರಿಲ್ಲ, ಕಾಣಿಕೆ ಕೊಡುವವರಿಲ್ಲ. ಮೊದಲು ಹಣ ಮುಗಿಯಿತು, ಆಮೇಲೆ ಒಡವೆ, ಆಮೇಲೆ ಪಾತ್ರೆಪದಾರ್ಥ. ವಿದ್ಯಾವಂತ ಕುಲದಲ್ಲಿ ಹುಟ್ಟಿದ ಆ ಕುಟುಂಬದವರಿಗೆ ಕೂಲಿ ಮಾಡುವುದು ತಿಳಿಯದು, ಭಿಕ್ಷೆ ಬೇಡಲು ನಾಚಿಕೆ. ಸೊಪ್ಪು, ಕಾಡುಹಣ್ಣುಗಳನ್ನು ತಿಂದು ದಿನ ನೂಕಿದರು. 1874ರಲ್ಲಿ ವೃದ್ಧ ತಂದೆ ತೀರಿಕೊಂಡರು. ಕೆಲವೇ ವಾರಗಳಲ್ಲಿ ತಾಯಿ ಹಾಸಿಗೆ ಹಿಡಿದರು. ತಾಯಿಯ ಸಂಕಟವನ್ನು ನೋಡಲಾರದೆ ಮಗಳು ನೆರೆಮನೆಯ ಬಾಗಿಲಿಗೆ ಹೋಗಿ ಬಾಯಿ ಬಾರದೆ ನಿಂತು ಸಜ್ಜೆಯ ರೊಟ್ಟಿಯ ಒಂದು ತುಂಡನ್ನು ಪಡೆದು ತಂದಳು. ಅದನ್ನು ತಿನ್ನುವಷ್ಟು ಶಕ್ತಿಯೂ ತಾಯಿಗೆ ಉಳಿದಿರಲಿಲ್ಲ. ಆಕೆ ಸತ್ತಾಗ ಚಟ್ಟಕ್ಕೆ ಹೆಗಲು ಕೊಡಲು ನಾಲ್ವರು ದೊರೆಯಲಿಲ್ಲ. ಅಣ್ಣ ಶ್ರೀನಿವಾಸನೂ ಮರುಕಗೊಂಡ ಇಬ್ಬರು ಬ್ರಾಹ್ಮಣರೂ ಬಂದರು. ನಾಲ್ಕನೆಯವಳಾಗಿ ರಮಾಬಾಯಿಯೇ ನಿಂತರು. ಕುಳ್ಳಗಿದ್ದುದರಿಂದ ಹೆಗಲು ಸಮನಾಗದೆ ತಾಯಿಯ ಚಟ್ಟವನ್ನು ತಲೆಯ ಮೇಲೆ ಹೊತ್ತರು. ಸ್ವಲ್ಪ ಕಾಲದಲ್ಲೇ ಅಕ್ಕನೂ ಹೋದಳು.

ಉಳಿದ ಅಣ್ಣತಂಗಿಯರು ಬರಿಗಾಲಿನಲ್ಲಿ ಸಾವಿರಾರು ಮೈಲಿ ನಡೆದು ಪಂಜಾಬು, ಕಾಶ್ಮೀರಗಳವರೆಗೂ ಹೋದರು. ಝೇಲಂ ನದಿಯ ದಡದಲ್ಲಿ ಒಂದು ರಾತ್ರಿ ಚಳಿಯನ್ನು ತಡೆಯಲಾರದೆ ಮರಳಿನಲ್ಲಿ ಗುಂಡಿ ತೋಡಿ, ತಲೆಯನ್ನು ಮಾತ್ರ ಹೊರಗಿಟ್ಟು, ಮೈಮೇಲೆ ಮರಳನ್ನೇ ಹೊದ್ದು ಮಲಗಿದರು. ಹೇಳಿದ ವ್ರತಗಳನ್ನೆಲ್ಲ ಮಾಡಿದ್ದರು, ಹೇಳಿದ ತೀರ್ಥಗಳಲ್ಲೆಲ್ಲ ಮಿಂದಿದ್ದರು. ಇಷ್ಟಾದ ಮೇಲೆ ಅವರ ಹಳೆಯ ಶ್ರದ್ಧೆ ಸಡಿಲವಾಯಿತೆಂದರೆ ಆಶ್ಚರ್ಯವಿಲ್ಲ.

1878ರಲ್ಲಿ ಇಬ್ಬರೂ ಕಲಕತ್ತೆಗೆ ಬಂದರು. ಇಪ್ಪತ್ತು ವರ್ಷದ ಯುವತಿಯ ಸಂಸ್ಕೃತ ವಾಗ್ಧಾಟಿಯನ್ನು ಕೇಳಿ ಅಲ್ಲಿನ ವಿದ್ವಾಂಸರು ಬೆರಗಾಗಿ ಪಂಡಿತಾ ಎಂದೂ ಸರಸ್ವತಿ ಎಂದೂ ಬಿರುದು ಕೊಟ್ಟರು. ಬ್ರಹ್ಮಸಮಾಜದ ಕೇಶವಚಂದ್ರ ಸೇನರು ಹೆಂಗಸರಿಗೆ ನಿಷಿದ್ಧವೆನ್ನಲಾಗಿದ್ದ ವೇದವನ್ನು ಓದಲು ಪ್ರೋತ್ಸಾಹಿಸಿ ಗ್ರಂಥವನ್ನೇ ಕೈಗಿತ್ತರು. ಬಿರುದು ಬಂದಿತು, ಕೀರ್ತಿ ಬಂದಿತು. ಆದರೆ 1880ರಲ್ಲಿ ಅಣ್ಣ ತೀರಿಹೋದನು. ಅದೇ ವರ್ಷ ರಮಾಬಾಯಿ ಬೇರೆ ಪ್ರಾಂತದ, ಬೇರೆ ಜಾತಿಯ ವಕೀಲರಾದ ಬಿಪಿನ್ ಬಿಹಾರಿಯವರನ್ನು ನೋಂದಣಿ ವಿವಾಹವಾಗಿ ಸಿಲ್ಚರಿಗೆ ಹೋದರು. 1881ರ ಏಪ್ರಿಲಿನಲ್ಲಿ ಮಗಳು ಮನೋರಮಾ ಹುಟ್ಟಿದಳು. 1882ರ ಫೆಬ್ರವರಿಯಲ್ಲಿ ಪತಿ ಕಾಲರಾದಿಂದ ಮಡಿದರು. ಇಪ್ಪತ್ತನಾಲ್ಕು ತುಂಬುವುದರೊಳಗೆ ರಮಾಬಾಯಿ ತಂದೆ, ತಾಯಿ, ಅಕ್ಕ, ಅಣ್ಣ, ಗಂಡ ಎಲ್ಲರನ್ನೂ ಕಳೆದುಕೊಂಡು, ಕೂಸನ್ನು ಎತ್ತಿಕೊಂಡ ವಿಧವೆಯಾಗಿದ್ದರು.

ಆ ವರ್ಷವೇ ಪುಣೆಗೆ ಬಂದು ಆರ್ಯ ಮಹಿಳಾ ಸಮಾಜವನ್ನು ಸ್ಥಾಪಿಸಿದರು. ನ್ಯಾಯಮೂರ್ತಿ ರಾನಡೆಯವರು, ಡಾ. ಭಂಡಾರಕರರು ಮೊದಲಾದ ಸುಧಾರಕರು ಬೆಂಬಲವಿತ್ತರು. ಹಂಟರ್ ಶಿಕ್ಷಣ ಆಯೋಗದ ಮುಂದೆ ಸಾಕ್ಷ್ಯ ನುಡಿದು, ನಮ್ಮ ಹೆಂಗಸರಿಗೆ ಹೆಂಗಸರೇ ಉಪಾಧ್ಯಾಯರೂ ವೈದ್ಯರೂ ಆಗಬೇಕೆಂದು ಒತ್ತಾಯಿಸಿದರು. ತಾವೂ ವೈದ್ಯಶಾಸ್ತ್ರವನ್ನು ಕಲಿಯಬೇಕೆಂಬ ಹಂಬಲದಿಂದ, ಸ್ತ್ರೀಧರ್ಮನೀತಿ ಎಂಬ ತಮ್ಮ ಮರಾಠಿ ಪುಸ್ತಕದ ಮಾರಾಟದ ಹಣವನ್ನು ಕೂಡಿಸಿಕೊಂಡು 1883ರಲ್ಲಿ ಇಂಗ್ಲೆಂಡಿಗೆ ಹೊರಟರು. ಕಿವಿ ಮಂದವಾಗುತ್ತಿದ್ದ ಕಾರಣ ವೈದ್ಯಶಿಕ್ಷಣದ ಆಸೆ ಕೈಗೂಡಲಿಲ್ಲ.

ಇಂಗ್ಲೆಂಡಿನ ವಾಂಟೇಜಿನಲ್ಲಿ ಕ್ರೈಸ್ತ ಸನ್ಯಾಸಿನಿಯರ ಮಠದಲ್ಲಿ ಅವರ ವಸತಿ. ಬೈಬಲಿನ ಪರಿಚಯ ಅವರಿಗೆ ಮೊದಲೇ ಇತ್ತು. ಸಿಲ್ಚರಿನಲ್ಲಿ ಬಂಗಾಳಿ ಭಾಷೆಯ ಸುವಾರ್ತಾಪುಸ್ತಕವೊಂದನ್ನು ಓದಿದ್ದರು, ಪಾದ್ರಿಗಳೊಡನೆ ಚರ್ಚೆ ನಡೆಸಿದ್ದರು. ವಾದದಿಂದ ಅವರನ್ನು ಒಲಿಸುವುದು ಸುಲಭವಾಗಿರಲಿಲ್ಲ. ವಾದದಲ್ಲಿ ಅವರೇ ಎತ್ತಿದ ಕೈ. ಒಂದು ದಿನ ಆ ಮಠದವರು ಲಂಡನ್ನಿನ ಫುಲ್ಹಾಮಿನಲ್ಲಿದ್ದ ತಮ್ಮ ಇನ್ನೊಂದು ಆಶ್ರಮವನ್ನು ತೋರಿಸಲು ಕರೆದೊಯ್ದರು. ದಾರಿತಪ್ಪಿದವರೆಂದು ಲೋಕವು ಹೊರಹಾಕಿದ ಹೆಂಗಸರಿಗಾಗಿ ನಡೆಯುತ್ತಿದ್ದ ಮನೆ ಅದು. ಅಲ್ಲಿ ಅಂಥವರನ್ನು ಹಂಗಿಸುವವರಿಲ್ಲ, ದೂರ ಇಡುವವರಿಲ್ಲ. ಕುಲೀನ ಮನೆತನದ ಸನ್ಯಾಸಿನಿಯರು ಅವರೊಡನೆ ಕುಳಿತು, ರೋಗವಿದ್ದರೆ ಶುಶ್ರೂಷೆ ಮಾಡಿ, ಕೆಲಸ ಕಲಿಸಿ, ಮತ್ತೆ ಮನುಷ್ಯರಾಗಿ ನಿಲ್ಲಿಸುತ್ತಿದ್ದರು.

ರಮಾಬಾಯಿಯವರು ಇಂಥದನ್ನು ಹಿಂದೆ ಎಲ್ಲಿಯೂ ಕಂಡವರಲ್ಲ. ತಾವು ಓದಿದ ಸ್ಮೃತಿಗ್ರಂಥಗಳಲ್ಲಿ ಅಂಥ ಹೆಂಗಸರಿಗೆ ವಿಧಿಸಿದ ಘೋರ ದಂಡನೆಗಳು ಅವರಿಗೆ ತಿಳಿದಿದ್ದವು. ಸಮಾಜವು ಕೊಡುವ ದಂಡನೆಯಂತೂ ಕಣ್ಣೆದುರಿಗೇ ಇತ್ತು. ಈ ಕರುಣೆಗೆ ಕಾರಣವೇನೆಂದು ಅವರು ಸನ್ಯಾಸಿನಿಯರನ್ನು ಕೇಳಿದರು. ಕ್ರಿಸ್ತನು ಸಮಾರ್ಯದ ಬಾವಿಯ ಬಳಿ, ಎಲ್ಲರೂ ತಿರಸ್ಕರಿಸಿದ ಒಬ್ಬ ಸ್ತ್ರೀಯ ಕೈಯಿಂದ ನೀರು ಕೇಳಿ, ಆಕೆಯೊಡನೆ ದೇವರ ವಿಷಯವನ್ನು ಮಾತನಾಡಿದ ಪ್ರಸಂಗವನ್ನು ಅವರು ಓದಿ ಹೇಳಿದರು. ರಮಾಬಾಯಿಯವರಿಗೆ ಕಥೆಯ ಅರ್ಥವನ್ನು ಬೇರೆ ವಿವರಿಸಬೇಕಾಗಲಿಲ್ಲ, ಏಕೆಂದರೆ ಅದರ ಫಲವನ್ನು ಕಣ್ಣಾರೆ ಕಂಡೇ ಅವರು ಪ್ರಶ್ನೆ ಕೇಳಿದ್ದರು. 1883ರ ಸೆಪ್ಟೆಂಬರ್ 29ರಂದು ಮಗಳೊಡನೆ ದೀಕ್ಷಾಸ್ನಾನ ಪಡೆದರು.

ಇಲ್ಲಿಂದ ಮುಂದೆ ಅವರು ವಿಧೇಯ ಶಿಷ್ಯೆಯಾದರೆಂದು ಯಾರಾದರೂ ಭಾವಿಸಿದರೆ ಅದು ತಪ್ಪು. ಚೆಲ್ಟನ್‌ಹ್ಯಾಮಿನ ಮಹಿಳಾ ಕಾಲೇಜಿನಲ್ಲಿ ಸಂಸ್ಕೃತ ಬೋಧಿಸುತ್ತಿದ್ದಾಗ, ಅವರು ಗಂಡಸರಿಗೆ ಪಾಠ ಹೇಳುವುದು ಉಚಿತವಲ್ಲವೆಂದು ಬಿಷಪ್ಪರು ಆಕ್ಷೇಪಿಸಿದರು. ತಂದೆಯ ಮಗಳು ಅದನ್ನು ಒಪ್ಪುವಳೇ? ಮಠದವರು ಹೇಳಿದ ತತ್ತ್ವಗಳನ್ನೆಲ್ಲ ಕಣ್ಣುಮುಚ್ಚಿ ನುಂಗಲೂ ಇಲ್ಲ. ತಾವು ಧರಿಸುವ ಶಿಲುಬೆಯ ಮೇಲೆ ಲ್ಯಾಟಿನ್ ಏಕೆ, ಸಂಸ್ಕೃತವಿರಲಿ ಎಂದು ವಾದಿಸಿದರು. ಸೀರೆಯನ್ನು ಬಿಡಲಿಲ್ಲ, ಶಾಕಾಹಾರವನ್ನೂ ಬಿಡಲಿಲ್ಲ. ಅವರು ಸ್ವೀಕರಿಸಿದ್ದು ಫುಲ್ಹಾಮಿನ ಆ ಮನೆಯಲ್ಲಿ ಕಂಡ ಪ್ರೀತಿಯನ್ನು. ಅದರೊಡನೆ ಇಂಗ್ಲಿಷರ ದೊಡ್ಡಸ್ತಿಕೆಯನ್ನೂ ಸ್ವೀಕರಿಸಬೇಕೆಂದು ಅವರಿಗೆ ಅನ್ನಿಸಲಿಲ್ಲ.

1886ರಲ್ಲಿ ಆನಂದೀಬಾಯಿ ಜೋಶಿಯವರು ಅಮೆರಿಕದಲ್ಲಿ ವೈದ್ಯಪದವಿ ಪಡೆಯುವ ಸಮಾರಂಭಕ್ಕಾಗಿ ರಮಾಬಾಯಿ ಆ ದೇಶಕ್ಕೆ ಹೋದರು. ಹಿಂದೂ ಮೇಲ್ಜಾತಿಯ ಸ್ತ್ರೀಯರ ಸ್ಥಿತಿಯನ್ನು ಕುರಿತು 1887ರಲ್ಲಿ ಇಂಗ್ಲಿಷಿನಲ್ಲಿ ಒಂದು ಪುಸ್ತಕ ಬರೆದರು; ಊರೂರು ಸಂಚರಿಸಿ ಭಾಷಣ ಮಾಡಿದರು. ಅದೇ ವರ್ಷದ ಕೊನೆಗೆ ಬಾಸ್ಟನ್ನಿನಲ್ಲಿ ಒಂದು ಸಂಘವು ಏರ್ಪಟ್ಟು, ಭಾರತದಲ್ಲಿ ಬಾಲವಿಧವೆಯರಿಗಾಗಿ ಅವರು ತೆರೆಯುವ ಶಾಲೆಗೆ ಹತ್ತು ವರ್ಷ ಹಣ ಒದಗಿಸಲು ಒಪ್ಪಿತು. ಶಾಲೆಯಲ್ಲಿ ಮತಬೋಧನೆ ಇರಕೂಡದೆಂಬುದು ಒಪ್ಪಂದ. 1889ರ ಮಾರ್ಚ್ 11ರಂದು ಮುಂಬಯಿಯ ಚೌಪಾಟಿಯ ಬಳಿ ಶಾರದಾ ಸದನ ಪ್ರಾರಂಭವಾಯಿತು. ಮರುವರ್ಷ ಪುಣೆಗೆ ಸ್ಥಳಾಂತರವಾಯಿತು.

ತಲೆ ಬೋಳಿಸಿಕೊಂಡು, ಒಪ್ಪೊತ್ತು ಉಂಡು, ಮನೆಯ ಮೂಲೆಯಲ್ಲಿ ಅಪಶಕುನವೆನಿಸಿ ಬದುಕುತ್ತಿದ್ದ ಹುಡುಗಿಯರು ಅಲ್ಲಿ ಪುಸ್ತಕ ಹಿಡಿದರು. ಜಾತಿಯ ಆಚಾರವನ್ನು ಪಾಲಿಸುವವರಿಗೆ ಊಟದ ವ್ಯವಸ್ಥೆಯನ್ನು ಅವರವರ ಆಚಾರದಂತೆ ನಡೆಸಲು ರಮಾಬಾಯಿ ಅವಕಾಶವಿತ್ತಿದ್ದರು. ಆದರೆ ಅವರು ತಾವು ಪ್ರಾರ್ಥನೆ ಮಾಡುವಾಗ ಕೋಣೆಯ ಬಾಗಿಲನ್ನು ಮುಚ್ಚುತ್ತಿರಲಿಲ್ಲ. ತಾವಾಗಿ ಬಂದು ಕುಳಿತ ಹುಡುಗಿಯರನ್ನು ಎಬ್ಬಿಸಿ ಕಳುಹಿಸುತ್ತಲೂ ಇರಲಿಲ್ಲ. ಇದರಿಂದ ಪುಣೆಯಲ್ಲಿ ದೊಡ್ಡ ಕೋಲಾಹಲವೆದ್ದಿತು. ಕೇಸರಿ ಪತ್ರಿಕೆಯು ಕಟುವಾಗಿ ಬರೆಯಿತು. 1893ರಲ್ಲಿ ರಾನಡೆ, ಭಂಡಾರಕರರು ಸಲಹಾ ಮಂಡಳಿಯಿಂದ ಹೊರಬಂದರು. ಅನೇಕ ಪೋಷಕರು ತಮ್ಮ ಹುಡುಗಿಯರನ್ನು ಬಿಡಿಸಿಕೊಂಡು ಹೋದರು.

ನಿಷ್ಪಕ್ಷಪಾತವಾಗಿ ಹೇಳುವುದಾದರೆ, ಪೋಷಕರ ಭಯವು ಕೇವಲ ಭ್ರಮೆಯಾಗಿರಲಿಲ್ಲ. ಅಲ್ಲಿನ ಕೆಲವು ಹುಡುಗಿಯರು ಮುಂದೆ ಕ್ರೈಸ್ತರಾದದ್ದು ನಿಜ. ನಂಬಿ ಮಕ್ಕಳನ್ನು ಕಳುಹಿಸಿದವರು ನೊಂದುಕೊಂಡರೆ ಅವರನ್ನು ದೂಷಿಸಲಾಗದು. ಆದರೆ ಹಾಗೆ ಬಿಡಿಸಿಕೊಂಡು ಹೋದ ಹುಡುಗಿಯರಿಗೆ ಬೇರೆ ಬಾಗಿಲು ಎಲ್ಲಿತ್ತು? ಈ ಪ್ರಶ್ನೆಗೆ ಪತ್ರಿಕೆಯ ಲೇಖನದಿಂದ ಉತ್ತರ ಬರಲಿಲ್ಲ. ಒಬ್ಬ ಉಪಾಧ್ಯಾಯರ ಕೃತಿಯಿಂದ ಬಂದಿತು. ಶಾರದಾ ಸದನದ ಮೊದಲ ವಿಧವಾ ವಿದ್ಯಾರ್ಥಿನಿಯಾದ ಗೋದೂಬಾಯಿ ಹಿಂದೂವಾಗಿಯೇ ಉಳಿದು, 1893ರಲ್ಲಿ ಧೋಂಡೋ ಕೇಶವ ಕರ್ವೆಯವರನ್ನು ವಿವಾಹವಾದರು. ಕರ್ವೆಯವರು 1896ರಲ್ಲಿ ಪುಣೆಯಲ್ಲಿ ವಿಧವೆಯರಿಗಾಗಿ ಆಶ್ರಮವನ್ನೂ, 1916ರಲ್ಲಿ ಮಹಿಳಾ ವಿಶ್ವವಿದ್ಯಾಲಯವನ್ನೂ ಸ್ಥಾಪಿಸಿದರು. ಮುಂಬಯಿಯ ಚರ್ಚ್‌ಗೇಟಿನ ಬಳಿ ಎಸ್‌.ಎನ್‌.ಡಿ.ಟಿ. ಎಂಬ ಹಲಗೆಯನ್ನು ದಿನವೂ ನೋಡಿ ಕಚೇರಿಗೆ ನಡೆಯುವ ನಮ್ಮ ಗುಮಾಸ್ತ ಬಂಧುಗಳು ಅದರ ಹಿಂದೆ ಈ ಚರಿತ್ರೆಯೂ ಇದೆಯೆಂದು ತಿಳಿಯಬೇಕು. ಮತಮತಗಳ ನಡುವೆ ಸ್ಪರ್ಧೆ ಇರಲೇಬೇಕಾದರೆ ಅದು ಇಂಥ ಸ್ಪರ್ಧೆಯಾಗಿರಲಿ ಎಂದು ನಮ್ಮ ಅಭಿಪ್ರಾಯ.

ಅವರ ನಂಬಿಕೆಯ ಹೆಚ್ಚಿನ ಪರೀಕ್ಷೆ ಇನ್ನೂ ಮುಂದಿತ್ತು. 1896ರಲ್ಲಿ ಮಧ್ಯಪ್ರಾಂತದಲ್ಲಿ ಭೀಕರ ಕ್ಷಾಮ ತಲೆದೋರಿತು. ಸುದ್ದಿಯನ್ನು ಕೇಳಿದ ರಮಾಬಾಯಿಯವರಿಗೆ ತಮ್ಮ ತಾಯಿಯ ಕೊನೆಯ ದಿನಗಳು ನೆನಪಾದವು. ಹಣ ಕೈಯಲ್ಲಿರಲಿಲ್ಲ. ಆದರೂ ಹೊರಟು ಕ್ಷಾಮಕೇಂದ್ರಗಳನ್ನು ತಿರುಗಿದರು. ಎಲುಬಿನ ಗೂಡುಗಳಂತಾದ ಮಕ್ಕಳು ಒಂದು ಕಡೆ. ಅನಾಥ ಹುಡುಗಿಯರನ್ನು ಕೆಟ್ಟ ಉದ್ದೇಶದಿಂದ ಕೊಂಡೊಯ್ಯಲು ಹೊಂಚುಹಾಕುವ ದುರುಳರು ಇನ್ನೊಂದು ಕಡೆ. ಸುಮಾರು 300 ಹುಡುಗಿಯರನ್ನು ಅವರು ಕರೆತಂದರು. ಶಾರದಾ ಸದನಕ್ಕೆ ಬಂದವರು ಮೇಲ್ಜಾತಿಯ ವಿಧವೆಯರು. ಈಗ ಬಂದವರು ಬಹುತೇಕ ಹಳ್ಳಿಯ ಬಡವರ ಮಕ್ಕಳು. ಯಾವ ಜಾತಿಯೆಂದು ಕೇಳುವ ಪ್ರಮೇಯವೇ ಇರಲಿಲ್ಲ.

ಅಷ್ಟರಲ್ಲಿ ಪುಣೆಗೆ ಪ್ಲೇಗು ಬಂದಿತು. ನಗರದಲ್ಲಿ ಹೆಚ್ಚು ಜನರನ್ನು ಇಟ್ಟುಕೊಳ್ಳಕೂಡದೆಂದು ಸರಕಾರದ ಆಜ್ಞೆಯಾಯಿತು. ಕೇಡಗಾಂವದಲ್ಲಿ ರಮಾಬಾಯಿ ಸದನದ ಖರ್ಚಿಗೆ ಉತ್ಪನ್ನ ಬರಲೆಂದು ಮೊದಲೇ ಸುಮಾರು ನೂರು ಎಕರೆ ಜಮೀನನ್ನು ಕೊಂಡಿದ್ದರು. ಹುಡುಗಿಯರನ್ನು ಅಲ್ಲಿಗೆ ಕೊಂಡೊಯ್ದು ಡೇರೆಗಳಲ್ಲಿ, ಗುಡಿಸಲುಗಳಲ್ಲಿ ಇರಿಸಿದರು. ಹೀಗೆ ಮುಕ್ತಿ ಸದನ ಹುಟ್ಟಿತು. ಪ್ಲೇಗು ನಿವಾರಣೆಯ ಹೆಸರಿನಲ್ಲಿ ಸರಕಾರದ ಶಿಬಿರದಲ್ಲಿ ತಮ್ಮ ಹುಡುಗಿಯೊಬ್ಬಳಿಗೆ ಅನ್ಯಾಯವಾಯಿತೆಂದು ತಿಳಿದಾಗ, 1897ರಲ್ಲಿ ಪತ್ರಿಕೆಗೆ ಬರೆದು ಬಹಿರಂಗವಾಗಿ ದೂರಿದರು. ಮುಂಬಯಿಯ ಗವರ್ನರರು ಆರೋಪವನ್ನು ಅಲ್ಲಗಳೆದರು. ಆಳುವವರು ತಮ್ಮದೇ ಮತದವರೆಂಬ ದಾಕ್ಷಿಣ್ಯಕ್ಕೆ ರಮಾಬಾಯಿ ಬಾಯಿ ಮುಚ್ಚಿಕೊಳ್ಳಲಿಲ್ಲ.

1899ರಿಂದ 1900ರವರೆಗೆ ಗುಜರಾತಿನಲ್ಲಿ ಮತ್ತೊಂದು ಕ್ಷಾಮ. ಹಿಂದೆ ಉಳಿದು ಬೆಳೆದ ಹುಡುಗಿಯರೇ ಈಗ ಸಹಾಯಕರಾಗಿ ನಿಂತರು. 1900ರ ಹೊತ್ತಿಗೆ ಮುಕ್ತಿ ಸದನದ ನಿವಾಸಿಗಳ ಸಂಖ್ಯೆ 1,500ಕ್ಕೆ ಏರಿತು. ನಮ್ಮ ಹೋಟೆಲಿನ ಬಂಧುಗಳು ಇಲ್ಲಿ ಸ್ವಲ್ಪ ನಿಂತು ಲೆಕ್ಕ ಹಾಕಬೇಕು. ದಿನಕ್ಕೆ ಎರಡೇ ಊಟವೆಂದರೂ 3,000 ಎಲೆ, ತಿಂಗಳಿಗೆ 90,000. ಗಲ್ಲಾಪೆಟ್ಟಿಗೆಗೆ ಒಂದು ಕಾಸೂ ಬೀಳದ ಊಟ. ನೂರು ಮಂದಿಯ ಪಂಕ್ತಿಗೆ ಸಾರು ಸಾಲದೆ ಬಂದರೆ ಅಡುಗೆಮನೆಯಲ್ಲಿ ಎಂಥ ಗಲಿಬಿಲಿಯಾಗುತ್ತದೆಂದು ಒಲೆಯ ಮುಂದೆ ನಿಂತವರೆಲ್ಲ ಬಲ್ಲರು. ಅಲ್ಲಿ ಉಣ್ಣಲು ಕುಳಿತವರು ಹಸಿವಿನಿಂದ ಬುದ್ಧಿಯೇ ಕೆಟ್ಟುಹೋಗಿದ್ದ ಮಕ್ಕಳು: ಕಿತ್ತಾಡುವವರು, ಹುಣ್ಣು ಹತ್ತಿದವರು, ಜ್ವರದವರು. ಉಳಿಸಲಾಗದೆ ಎಷ್ಟೋ ಮಂದಿ ಅಲ್ಲಿಯೇ ಸತ್ತರು. ದೂರದಿಂದ ಕ್ಷಾಮಪೀಡಿತರನ್ನು ಪ್ರೀತಿಸುವುದು ಸುಲಭ. ಅವರ ತಲೆಯನ್ನು ತೊಳೆದು, ಹುಣ್ಣಿಗೆ ಔಷಧಿ ಹಚ್ಚಿ, ಮರುದಿನವೂ ಅದನ್ನೇ ಮಾಡುವುದು ಬೇರೆ.

ರಮಾಬಾಯಿ ಬರಿಯ ಅನ್ನ ಹಾಕಿ ಕೈತೊಳೆದುಕೊಳ್ಳಲಿಲ್ಲ. ತಮ್ಮ ತಂದೆತಾಯಿಗಳು ಅಷ್ಟು ವಿದ್ಯೆಯಿದ್ದೂ ಕೈಕೆಲಸ ತಿಳಿಯದೆ ಹಸಿವಿನಿಂದ ಸತ್ತದ್ದನ್ನು ಅವರು ಮರೆತಿರಲಿಲ್ಲ. ಆದ್ದರಿಂದ ಅಲ್ಲಿ ಓದುಬರಹದ ಜೊತೆಗೆ ನೇಯ್ಗೆ, ಹೊಲಿಗೆ, ಬೇಸಾಯ, ಹೈನು, ಎಣ್ಣೆ ತೆಗೆಯುವುದು, ಅಚ್ಚಿನ ಕೆಲಸ ಎಲ್ಲವನ್ನೂ ಹೆಣ್ಣುಮಕ್ಕಳೇ ಕಲಿತರು. ಬಾವಿಗಳನ್ನು ತೋಡಿಸಿದರು. ಕುರುಡಿಯರಿಗೆ ಬೇರೆ ಮನೆ. ಅವರಿಗೆ ಬೆರಳಿನಿಂದ ಓದುವ ಬ್ರೈಲ್ ಲಿಪಿಯನ್ನು ಮಗಳು ಮನೋರಮಾ ಕಲಿಸಿದರು. ಮುದುಕಿಯರಿಗೆ ಪ್ರೀತಿ ಸದನ. ಇವೆಲ್ಲದರ ನಡುವೆ ಕೃಪಾ ಸದನವೆಂಬ ಇನ್ನೊಂದು ಮನೆ ಎದ್ದಿತು. ಸಮಾಜವು ಪತಿತೆಯರೆಂದು ಕರೆದು ಬಾಗಿಲು ಹಾಕಿಕೊಂಡ ಹೆಂಗಸರಿಗಾಗಿ ಅದು. ಫುಲ್ಹಾಮಿನಲ್ಲಿ ತಾವು ಕಂಡು ಬೆರಗಾಗಿದ್ದನ್ನು ಅವರು ಹದಿನೈದು ವರ್ಷಗಳ ಮೇಲೆ ಭೀಮಾನದಿಯ ಸೀಮೆಯ ಒಣನೆಲದಲ್ಲಿ ತಮ್ಮ ಕೈಯಿಂದಲೇ ಕಟ್ಟಿದರು.

ಮುಕ್ತಿ ಸದನವು ಬಹಿರಂಗವಾಗಿ ಕ್ರೈಸ್ತ ಸಂಸ್ಥೆಯಾಗಿತ್ತು. ಅಲ್ಲಿ ಪ್ರಾರ್ಥನೆ ನಡೆಯುತ್ತಿತ್ತು, ದೀಕ್ಷಾಸ್ನಾನಗಳು ನಡೆಯುತ್ತಿದ್ದವು. ಅನ್ನ ಕೊಟ್ಟವರ ಮತವನ್ನು ಅನಾಥ ಮಕ್ಕಳು ಸ್ವೀಕರಿಸುವುದರಲ್ಲಿ ಸ್ವಾತಂತ್ರ್ಯ ಎಷ್ಟು ಎಂದು ಕೇಳುವವರು ಆಗಲೂ ಇದ್ದರು, ಈಗಲೂ ಇರುವರು. ಆ ಪ್ರಶ್ನೆ ಕೇಳತಕ್ಕದ್ದೇ. ಆದರೆ ಕೇಳುವವರು ರಮಾಬಾಯಿಯ ಜೀವನವನ್ನು ಪೂರ್ತಿಯಾಗಿ ನೋಡಬೇಕು. ಲಾಭಕ್ಕಾಗಿ ನಂಬಿಕೆಯನ್ನು ಬದಲಿಸಿದವರು ಬಿಷಪ್ಪರನ್ನು ಎದುರಿಸುವುದಿಲ್ಲ, ಗವರ್ನರರನ್ನು ದೂರುವುದಿಲ್ಲ, ಕೀರ್ತಿಯ ಶಿಖರವನ್ನು ಬಿಟ್ಟು ರೋಗಿಗಳ ಗುಡಿಸಲಿನಲ್ಲಿ ಇಪ್ಪತ್ತೈದು ವರ್ಷ ಕಳೆಯುವುದೂ ಇಲ್ಲ.

ಕನ್ನಡನಾಡಿನ ಋಣವನ್ನೂ ಅವರು ಮರೆಯಲಿಲ್ಲವೆನ್ನಬಹುದು. ಆಗ ನಿಜಾಮರ ಸೀಮೆಗೆ ಸೇರಿದ್ದ ಗುಲ್ಬರ್ಗದಲ್ಲಿ 1910ರ ದಶಕದಲ್ಲಿ ತಾಯಿಮಗಳು ಕೂಡಿ ಒಂದು ಶಾಲೆಯನ್ನು ತೆರೆದರು. ಮನೋರಮಾ ಅದರ ಭಾರ ಹೊತ್ತರು.

ಕೊನೆಯ ವರ್ಷಗಳಲ್ಲಿ ರಮಾಬಾಯಿ ಇನ್ನೊಂದು ದೊಡ್ಡ ಕೆಲಸವನ್ನು ಕೈಗೊಂಡಿದ್ದರು. ಆಗ ಇದ್ದ ಮರಾಠಿ ಬೈಬಲಿನ ಭಾಷೆ ಹಳ್ಳಿಯ ಹೆಂಗಸರಿಗೆ ತಿಳಿಯದಷ್ಟು ಸಂಸ್ಕೃತಮಯವೆಂದು ಅವರಿಗೆ ತೋರಿತು. ಹೀಬ್ರೂ, ಗ್ರೀಕ್ ಭಾಷೆಗಳನ್ನು ಕಲಿತು ಸರಳ ಮರಾಠಿಯಲ್ಲಿ ಇಡೀ ಗ್ರಂಥವನ್ನು ಅನುವಾದಿಸತೊಡಗಿದರು. ಸಂಸ್ಕೃತದ ಮಹಾಪಂಡಿತೆಯೊಬ್ಬರು ಸಾಮಾನ್ಯ ಹೆಂಗಸರಿಗಾಗಿ ತಮ್ಮ ಸಂಸ್ಕೃತವನ್ನು ಬದಿಗಿಟ್ಟರೆಂಬುದು ಗಮನಾರ್ಹವಾದ ಸಂಗತಿ. ಅಚ್ಚುಮೊಳೆ ಜೋಡಿಸಿದವರು ಮುಕ್ತಿಯ ಹೆಣ್ಣುಮಕ್ಕಳೇ.

1919ರಲ್ಲಿ ಸರಕಾರವು ಕೈಸರ್-ಇ-ಹಿಂದ್ ಪದಕವನ್ನಿತ್ತಿತು. 1921ರ ಜುಲೈಯಲ್ಲಿ, ತಮ್ಮ ಕಾರ್ಯವನ್ನು ಮುಂದುವರಿಸುವಳೆಂದು ನಂಬಿದ್ದ ಮಗಳು ಮನೋರಮಾ ನಲವತ್ತನೆಯ ವಯಸ್ಸಿನಲ್ಲಿ ತೀರಿಕೊಂಡರು. ಎಲ್ಲರನ್ನೂ ಕಳೆದುಕೊಂಡಿದ್ದ ತಾಯಿಗೆ ಇದು ಕಡೆಯ ಪೆಟ್ಟು. ಆದರೂ ಕರಡಚ್ಚು ತಿದ್ದುವ ಕೆಲಸವನ್ನು ಬಿಡಲಿಲ್ಲ. ಅದನ್ನು ಮುಗಿಸಿ, 1922ರ ಏಪ್ರಿಲ್ 5ರಂದು, ಅರವತ್ತನಾಲ್ಕು ತುಂಬಲು ಕೆಲವೇ ದಿನಗಳಿರುವಾಗ, ಕೇಡಗಾಂವದಲ್ಲಿಯೇ ಕಣ್ಣುಮುಚ್ಚಿದರು. ಪೂರ್ಣ ಬೈಬಲು 1924ರಲ್ಲಿ ಹೊರಬಂದಿತು. ಭಾರತ ಸರಕಾರವು 1989ರಲ್ಲಿ ಅವರ ಸ್ಮರಣೆಗಾಗಿ ಅಂಚೆಚೀಟಿಯನ್ನು ಹೊರಡಿಸಿತು. ಮುಕ್ತಿ ಮಿಷನ್ ಇಂದಿಗೂ ನಡೆಯುತ್ತಿದೆ.

ಊರು ಬಿಟ್ಟು ಬಂದ ನಮ್ಮಲ್ಲಿ ಬಗೆಬಗೆಯ ನಂಬಿಕೆಯವರಿದ್ದಾರೆ. ವಾರಕ್ಕೊಮ್ಮೆ ಗುಡಿಗೆ ಹೋಗುವವರು, ಇಗರ್ಜಿಗೆ ಹೋಗುವವರು, ಮಸೀದಿಗೆ ಹೋಗುವವರು, ಎಲ್ಲಿಗೂ ಹೋಗದವರು ಒಂದೇ ಕೋಣೆಯಲ್ಲಿ ಚಾಪೆ ಹಾಸಿ ಮಲಗುತ್ತೇವೆ. ಯಾರ ಭಕ್ತಿ ಎಷ್ಟು ದೊಡ್ಡದೆಂದು ಅಲ್ಲಿ ಮಾತಿನಿಂದ ತಿಳಿಯುವುದಿಲ್ಲ. ಪಕ್ಕದ ಚಾಪೆಯವನು ಜ್ವರದಿಂದ ಮಲಗಿದಾಗ ಅವನ ಪಾಳಿಯ ಕೆಲಸವನ್ನು ಹೊತ್ತು, ಗಂಜಿ ಕಾಯಿಸಿ ಕೊಟ್ಟವನು ಯಾರೆಂಬುದರಿಂದ ತಿಳಿಯುತ್ತದೆ. ಪಂಡಿತಾ ರಮಾಬಾಯಿಯವರು ಹದಿನಾರನೆಯ ವಯಸ್ಸಿನಲ್ಲಿ ಒಂದು ತುಂಡು ರೊಟ್ಟಿಗಾಗಿ ಅನ್ಯರ ಬಾಗಿಲಿನಲ್ಲಿ ನಿಂತರು. ಮುಂದೆ ತಮ್ಮ ಬಾಗಿಲಿಗೆ ಬಂದವರಿಗೆ ರೊಟ್ಟಿ ಸಿದ್ಧವಾಗಿರುವಂತೆ ನೋಡಿಕೊಂಡರು.